ಯರವಡಾದ ಕಪಾಟಿನಲ್ಲಿ ಹಾಲಕ್ಕಿ ಮಾತು

ಪುಣೆ ಸ್ಟೇಷನ್ನಿನಲ್ಲಿ ಆಟೋದವನಿಗೆ ಬರೀ ‘ಡೆಕ್ಕನ್’ ಎಂದರೆ ಸೀದಾ ಡೆಕ್ಕನ್ ಜಿಮ್‌ಖಾನಾಕ್ಕೆ ಕರೆದೊಯ್ಯುತ್ತಾನೆ. ಡೆಕ್ಕನ್ ಕಾಲೇಜು ಇರುವುದು ಹೊಳೆಯಾಚೆ, ಯರವಡಾದಲ್ಲಿ.

ಒಳಗೆ ಹೊಕ್ಕರೆ ದೊಡ್ಡ ಮರಗಳು, ಅವುಗಳ ನಡುವೆ ಗಾಥಿಕ್ ಶೈಲಿಯ ಕಲ್ಲಿನ ಕಟ್ಟಡ. 1821ರಲ್ಲಿ ಪೇಟೆಯೊಳಗಿನ ವಿಶ್ರಾಮಬಾಗ್ ವಾಡಾದಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಶುರುವಾದದ್ದು ಇದು. ತಿಲಕರು ಓದಿದ್ದೂ ಇಲ್ಲೇ. ಅವರಿದ್ದ ಕೋಣೆಯನ್ನು ಕಾಪಾಡಿಕೊಂಡಿದ್ದಾರೆ. 1934ರಲ್ಲಿ ಸರ್ಕಾರ ಕಾಲೇಜು ಮುಚ್ಚಿತು. 1939ರಲ್ಲಿ ಸಂಶೋಧನ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆಯಿತು, 1990ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಪುರಾತತ್ತ್ವ, ಭಾಷಾವಿಜ್ಞಾನ, ಸಂಸ್ಕೃತ ಇವೇ ಇಲ್ಲಿನ ಮುಖ್ಯ ವ್ಯವಸಾಯ. ಗ್ರಂಥಾಲಯದ ಬಲವೂ ಇವುಗಳಲ್ಲೇ. ಪಠ್ಯಪುಸ್ತಕ, ಗೈಡು ಹುಡುಕುವವರಿಗೆ ಇಲ್ಲಿ ಕೆಲಸವಿಲ್ಲ.

ಕನ್ನಡಿಗರು ಕೇಳಿ ತೆಗೆಸಿಕೊಳ್ಳಬೇಕಾದದ್ದು ಭಾಷಾವಿಜ್ಞಾನದ ತೆಳು ಪುಸ್ತಕಗಳನ್ನು. ಎ.ಎಸ್. ಆಚಾರ್ಯರ ಹಾಲಕ್ಕಿ ಕನ್ನಡ 1967ರದು. ಮರುವರ್ಷ ಯು.ಪಿ. ಉಪಾಧ್ಯಾಯರ ನಂಜನಗೂಡು ಕನ್ನಡ, ಆರ್. ಮಹಾದೇವನ್ ಅವರ ಗುಲ್ಬರ್ಗ ಕನ್ನಡ. 1971ರಲ್ಲಿ ಡಿ.ಎನ್. ಶಂಕರ ಭಟ್ಟರ ಹವ್ಯಕ ವ್ಯಾಕರಣ. ವಿಲಿಯಂ ಬ್ರೈಟ್ ಆಡುಗನ್ನಡದ ಬಗ್ಗೆ ಬರೆದದ್ದನ್ನು 1958ರಲ್ಲಿ ಅಚ್ಚು ಹಾಕಿದ್ದೂ ಈ ಸಂಸ್ಥೆಯೇ. ಆ ಸುಮಾರಿಗೇ ಎ.ಕೆ. ರಾಮಾನುಜನ್ ಇಲ್ಲಿ ಭಾಷಾವಿಜ್ಞಾನ ಕಲಿತರು. ಅಂಕೋಲೆಯ ಗದ್ದೆಬದುವಿನ ಮಾತು, ಕಪಿಲೆಯ ದಂಡೆಯ ಮಾತು, ಬಿಸಿಲುನಾಡಿನ ಮಾತು ಒಂದೇ ಮಾಲೆಯಲ್ಲಿ ಕೂತಿವೆ. ವಿವರಣೆಯೆಲ್ಲ ಇಂಗ್ಲಿಷು, ಪದಗಳೆಲ್ಲ ರೋಮನ್ ಲಿಪಿ, ಸ್ವರಗಳ ನೆತ್ತಿಯ ಮೇಲೆ ಗೀಟು. ಕಣ್ಣಿಗೆ ಒಗ್ಗುವುದಿಲ್ಲ. ತುಟಿ ಅಲ್ಲಾಡಿಸಿ ಓದಿದರೆ ಮಾತ್ರ ಮಾತಾಡುವವರ ದನಿ ಬರುತ್ತದೆ. ಕನ್ನಡದ ಬರಹ ಆಡುಮಾತಿಗೆ ಹತ್ತಿರವಾಗಬೇಕು ಎಂದು ಭಟ್ಟರು ಮುಂದೆ ಹಟ ಹಿಡಿದದ್ದರ ಬೇರು ಇಂಥ ಕೆಲಸದಲ್ಲೇ ಇರಬೇಕು ಎಂದು ನನ್ನ ಅನಿಸಿಕೆ.

ಈ ಭಾಷಾವಿಜ್ಞಾನದ ಸಂಸಾರ ಕಟ್ಟಿದವರು ದೀರ್ಘಕಾಲ ನಿರ್ದೇಶಕರಾಗಿದ್ದ ಎಸ್.ಎಂ. ಕತ್ರೆ. ಹುಟ್ಟೂರು ನಮ್ಮ ಹೊನ್ನಾವರ. 1948ರಲ್ಲಿ ಸಂಸ್ಕೃತ ನಿಘಂಟಿನ ಯೋಜನೆಗೆ ಕೈಹಾಕಿದವರೂ ಅವರೇ. ಆ ವಿಭಾಗವನ್ನು ನೋಡದೆ ವಾಪಸಾಗಬಾರದು. ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಲೋಹದ ಖಾನೆಗಳ ಸಾಲು, ಒಳಗೆ ಸುಮಾರು ಒಂದು ಕೋಟಿ ಚೀಟಿ. ಒಂದು ಚೀಟಿಗೆ ಒಂದು ಪದ: ಅದು ಬಂದಿರುವ ವಾಕ್ಯ, ಗ್ರಂಥದ ಹೆಸರು, ಎಲ್ಲಿ ಬಂದಿದೆ ಎಂಬ ಗುರುತು. ಋಗ್ವೇದದಿಂದ ಹದಿನೆಂಟನೆಯ ಶತಮಾನದವರೆಗಿನ ಸುಮಾರು 1,500 ಗ್ರಂಥ ಜಾಲಾಡಿ, ಕೈಯಲ್ಲಿ ಬರೆದು ಕೂಡಿಹಾಕಿದ್ದು. ಚೀಟಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಪದದ ಅರ್ಥ ಹೇಗೆ ಹೊರಳಿತೆಂದು ಬರೆಯಬೇಕು. ನಮ್ಮ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ 1995ಕ್ಕೆ ಮುಗಿಯಿತು. ಇಲ್ಲಿ ಮೂವತ್ತಕ್ಕೂ ಹೆಚ್ಚು ಸಂಪುಟ ಬಂದರೂ ‘ಅ’ಕಾರ ಮುಗಿದಿಲ್ಲ. ನಗುವವರು ನಗಲಿ, ನನಗಂತೂ ಈ ನಿಧಾನ ಇಷ್ಟವಾಯಿತು.

ದೂರದಲ್ಲಿರುವವರಿಗೆ ಸಂಸ್ಥೆಯ ಬುಲೆಟಿನ್‌ನ ಹಳೆಯ ಸಂಚಿಕೆಗಳು ಜೆಸ್ಟೋರ್‌ನಲ್ಲಿ ಸಿಗುತ್ತವೆ. ಖುದ್ದು ಹೋಗುವವರು ತಮ್ಮ ಸಂಸ್ಥೆಯ ಪತ್ರ, ಗುರುತಿನ ಚೀಟಿ ಇಟ್ಟುಕೊಂಡಿರಲಿ. ಉಪಭಾಷೆಯ ಪುಸ್ತಕ ಬೇಕಾದರೆ ಲೇಖಕರ ಹೆಸರಿನ ಜೊತೆ ಪ್ರಕಟವಾದ ವರ್ಷವನ್ನೂ ಬರೆದುಕೊಂಡು ಹೋಗಿ. ಅಷ್ಟು ತೆಳು ಪುಸ್ತಕ ದಪ್ಪ ಸಂಪುಟಗಳ ನಡುವೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.