ಬಣ್ಣದ ಜಾಹೀರಾತು, ಬಣ್ಣದ ಪ್ರಶ್ನೆ



ಕಪ್ಪಗಿರುವ ಹುಡುಗಿಗೆ ಕೆಲಸವಿಲ್ಲ, ಗಂಡು ಸಿಗಲ್ಲ. ಕ್ರೀಮ್ ಹಚ್ಚಿದರೆ ಎರಡೂ ಸಿಗುತ್ತವೆ! ಇಂಥ ಜಾಹೀರಾತುಗಳನ್ನು ಟಿ.ವಿ.ಯಲ್ಲಿ ವರ್ಷಗಟ್ಟಲೆ ನೋಡಿದ್ದೇವೆ. ಮೈಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ ತೋರಿಸಬಾರದೆಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿ ಹೇಳಿತು. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಹೋಗಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾದರೆ ಮನಸ್ಸು ಬದಲಾದೀತೇ?

ಸಮೀಕ್ಷೆಗೆ ಮನೆಮನೆಗೆ ಹೋಗುವ ನಮ್ಮಲ್ಲೂ ಪೂರ್ವಗ್ರಹ ಇರುತ್ತದೆ. “ಸೊಸೆ ಬೆಳ್ಳಗಿರಬೇಕಲ್ವಾ?” ಅಂದರೆ ಉತ್ತರ ನಾವೇ ಕೊಟ್ಟಂತೆ. “ಸೊಸೆ ಹೇಗಿರಬೇಕಮ್ಮಾ?” ಎಂದು ಕೇಳಿ, ಅವರು ಹೇಳಿದ್ದನ್ನೇ ಬರೆಯಬೇಕು. ಬೇಸರವಾದರೂ ಮುಖದಲ್ಲಿ ತೋರಿಸಬಾರದು. ತೋರಿಸಿದರೆ ಮುಂದಿನ ಉತ್ತರ ನಮ್ಮನ್ನು ಮೆಚ್ಚಿಸಲಿಕ್ಕೇ ಬರುತ್ತದೆ.

ಮೊದಲ ಪ್ರಶ್ನೆ ನಮಗೇ ಇರಲಿ: ಮನೆಯ ಕಪ್ಪು ಮಗಳನ್ನು ನಾವು ಏನೆಂದು ಕರೆಯುತ್ತೇವೆ? ಈ ವಾರದ ಸಭೆಯಲ್ಲಿ ಮಾತಾಡೋಣ.