ಯಾವ ದೇಶದಲ್ಲಿ ಬದುಕು ಹಸನು?

"ದುಬೈಯಲ್ಲಿ ದುಡ್ಡು ಉಂಟು. ಬದುಕಿದರೆ ಅಲ್ಲಿ ಬದುಕಬೇಕು."

ಹೀಗೆ ಹೇಳುವವರ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ಕಾಸರಗೋಡಿನಿಂದ ಬಹಳ ಜನ ಗಲ್ಫಿಗೆ ಹೋಗಿದ್ದಾರೆ. ಅಲ್ಲಿಂದ ಕಳಿಸಿದ ಹಣದಲ್ಲಿ ಊರಲ್ಲಿ ಮನೆ ಕಟ್ಟಿದ್ದಾರೆ. ಆದ್ದರಿಂದ ದೇಶವನ್ನು ಹಣದಿಂದಲೇ ಅಳೆಯುವುದು ನಮಗೆ ರೂಢಿಯಾಗಿದೆ.

ಆದರೆ ಸ್ವಲ್ಪ ಯೋಚಿಸಿ. ಒಂದು ಮನೆಯಲ್ಲಿ ಬೇಕಾದಷ್ಟು ಹಣ ಇದೆ. ಆದರೆ ಆ ಮನೆಯ ಸೊಸೆ ಹೆರಿಗೆಯಲ್ಲಿ ತೀರಿಕೊಂಡಳು. ಮಕ್ಕಳು ಶಾಲೆಯ ಮುಖ ನೋಡಲಿಲ್ಲ. ಅದು ಚೆನ್ನಾಗಿರುವ ಮನೆಯೇ? ಅಲ್ಲ. ದೇಶದ ಮಾತೂ ಹಾಗೆಯೇ.

ಮೂರು ಅಳತೆಗಳು

1990ರಲ್ಲಿ ವಿಶ್ವಸಂಸ್ಥೆ ದೇಶಗಳನ್ನು ಅಳೆಯಲು ಹೊಸ ಅಳತೆಯೊಂದನ್ನು ತಂದಿತು. ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಇದನ್ನು ಮುಂದೆ ನಿಂತು ಮಾಡಿಸಿದರು. ನಮ್ಮ ದೇಶದ ಅಮರ್ತ್ಯ ಸೇನ್ ಅವರ ಜೊತೆಗಿದ್ದರು. ಇದರ ಹೆಸರು ಮಾನವ ಅಭಿವೃದ್ಧಿ ಸೂಚ್ಯಂಕ. ಇದು ಮೂರು ವಿಷಯ ಕೇಳುತ್ತದೆ.

ಜನ ಎಷ್ಟು ವರ್ಷ ಬದುಕುತ್ತಾರೆ?
ಎಷ್ಟು ವರ್ಷ ಶಾಲೆ ಕಲಿಯುತ್ತಾರೆ?
ತಲೆಗೆ ಎಷ್ಟು ಆದಾಯ ಇದೆ?

ಹಣವೂ ಬೇಕು. ಆದರೆ ಅದು ಮೂರರಲ್ಲಿ ಒಂದು ಮಾತ್ರ.

ನಾವು ಮತ್ತು ನೆರೆಯ ಶ್ರೀಲಂಕಾ

ಈ ಅಳತೆಯಿಂದ ಎರಡು ದೇಶಗಳನ್ನು ನೋಡೋಣ. ಒಂದು ನಮ್ಮ ಭಾರತ. ಇನ್ನೊಂದು ಹಳಬರು ಸಿಲೋನ್ ಎನ್ನುವ ಶ್ರೀಲಂಕಾ. ರಾಮೇಶ್ವರದ ಆಚೆ ಸಣ್ಣ ಸಮುದ್ರ ದಾಟಿದರೆ ಅದು ಸಿಗುತ್ತದೆ. ಭಾರತಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು, ಶ್ರೀಲಂಕಾಕ್ಕೆ 1948ರಲ್ಲಿ.

2025ರಲ್ಲಿ ಬಂದ ವರದಿಯಲ್ಲಿ 193 ದೇಶಗಳಿವೆ. ಅದರಲ್ಲಿ ಶ್ರೀಲಂಕಾ 89ನೆಯದು. ಭಾರತ 130ನೆಯದು. ಶ್ರೀಲಂಕಾದ ಜನರ ಸರಾಸರಿ ಆಯಸ್ಸು ಸುಮಾರು 77 ವರ್ಷ, ನಮ್ಮದು ಸುಮಾರು 72 ವರ್ಷ. ಅಲ್ಲಿ ಮಲೇರಿಯಾ ಇಲ್ಲವಾಗಿದೆ ಎಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಇದು ಹೇಗಾಯಿತು?

ಶ್ರೀಲಂಕಾ ಮೊದಲು ನಮ್ಮ ಹಾಗೇ ಬಡ ದೇಶ. ಆದರೆ ಕೆಲವು ಕೆಲಸಗಳನ್ನು ಬೇಗ ಶುರು ಮಾಡಿತು. 1931ರಲ್ಲೇ ಅಲ್ಲಿ ಗಂಡಸರಿಗೂ ಹೆಂಗಸರಿಗೂ ಮತದ ಹಕ್ಕು ಸಿಕ್ಕಿತು. ಓಟು ಕೇಳಲು ಬಂದವರನ್ನು ಜನ ಶಾಲೆ ಕೇಳಿದರು, ಆಸ್ಪತ್ರೆ ಕೇಳಿದರು. 1945ರಲ್ಲಿ ಉಚಿತ ಶಿಕ್ಷಣ ಬಂತು. ಆಗ ಶಿಕ್ಷಣ ಮಂತ್ರಿಯಾಗಿದ್ದ ಕನ್ನಂಗರ ಅವರನ್ನು ಅಲ್ಲಿಯವರು ಈಗಲೂ ನೆನೆಯುತ್ತಾರೆ. ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ಉಚಿತ.

ಹಳ್ಳಿಹಳ್ಳಿಗೆ ತರಬೇತಿ ಪಡೆದ ಸೂಲಗಿತ್ತಿಯರನ್ನು ನೇಮಿಸಿದರು. ಅವರು ಬಸುರಿಯರ ಮನೆಗೇ ಬಂದು ನೋಡುತ್ತಾರೆ. ಈಗ ಹೆಚ್ಚುಕಡಿಮೆ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲೇ ಆಗುತ್ತವೆ. 2020ರ ಸುಮಾರಿಗೆ ಒಂದು ಲಕ್ಷ ಮಕ್ಕಳು ಹುಟ್ಟುವಾಗ ಅಲ್ಲಿ ಸುಮಾರು 30 ತಾಯಂದಿರು ಸಾಯುತ್ತಿದ್ದರು. ನಮ್ಮ ದೇಶದಲ್ಲಿ 2018-20ರ ಲೆಕ್ಕದಂತೆ 97 ತಾಯಂದಿರು.

ಹಾಗಾದರೆ ನಾವು ಏನೂ ಮಾಡಿಲ್ಲವೇ?

ಹಾಗಲ್ಲ. 2004-06ರಲ್ಲಿ ನಮ್ಮಲ್ಲಿ ಈ ಲೆಕ್ಕ 254 ಇತ್ತು. ಆ ಹೊತ್ತಿಗೆ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬರಲು ಶುರುವಾದರು. 2005-06ರಲ್ಲಿ ನೂರರಲ್ಲಿ 39 ಹೆರಿಗೆ ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿತ್ತು. 2019-21ರಲ್ಲಿ ಅದು 89ಕ್ಕೆ ಏರಿತು. 2014ರಲ್ಲಿ ನಮ್ಮ ದೇಶ ಪೋಲಿಯೋದಿಂದ ಮುಕ್ತವಾಯಿತು. ತಡವಾಗಿ ಹೊರಟರೂ ನಡೆಯುತ್ತಿದ್ದೇವೆ.

ಇನ್ನೊಂದು ಮಾತು. ನಮ್ಮ ಕೇರಳದಲ್ಲಿ 2018-20ರಲ್ಲಿ ತಾಯಂದಿರ ಸಾವು ಲಕ್ಷಕ್ಕೆ 19 ಮಾತ್ರ. ಇದು ಶ್ರೀಲಂಕಾಕ್ಕಿಂತಲೂ ಕಡಿಮೆ! ಒಂದೇ ದೇಶದ ಒಳಗೂ ಎಷ್ಟು ವ್ಯತ್ಯಾಸ ನೋಡಿ.

ಸರಾಸರಿ ಎಲ್ಲವನ್ನೂ ಹೇಳುವುದಿಲ್ಲ

ಶ್ರೀಲಂಕಾದಲ್ಲಿ ಎಲ್ಲವೂ ಸರಿ ಇದೆ ಎಂದೂ ತಿಳಿಯಬೇಡಿ. ಚಹಾ ತೋಟದಲ್ಲಿ ದುಡಿಯಲು ತಮಿಳುನಾಡಿನಿಂದ ಹೋದವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. 1948ರ ಕಾನೂನಿನಿಂದ ಅವರಲ್ಲಿ ಲಕ್ಷಗಟ್ಟಲೆ ಜನಕ್ಕೆ ಪೌರತ್ವವೇ ಇಲ್ಲವಾಯಿತು. ಅವರ ಬದುಕು ಬಹಳ ಹಿಂದೆ ಬಿತ್ತು. 1983ರಿಂದ 2009ರ ತನಕ ದೇಶದಲ್ಲಿ ಯುದ್ಧ ನಡೆದು ಸಾವಿರಾರು ಜನ ಸತ್ತರು.

2022ರಲ್ಲಿ ಸರಕಾರದ ಬೊಕ್ಕಸ ಬರಿದಾಯಿತು. ಪೆಟ್ರೋಲು, ಗ್ಯಾಸಿಗೆ ಜನ ದಿನಗಟ್ಟಲೆ ಸಾಲು ನಿಂತರು. ಆಸ್ಪತ್ರೆ ಇತ್ತು, ಡಾಕ್ಟರೂ ಇದ್ದರು, ಆದರೆ ಔಷಧಿಗೆ ಬರ ಬಂತು. ಹಣವೊಂದೇ ಸಾಲದು, ನಿಜ. ಹಣ ಇಲ್ಲದೆಯೂ ಆಗುವುದಿಲ್ಲ.

ನಾವು ಕಲಿಯುವ ಪಾಠ

ಕಟ್ಟಡ ನೋಡಿ, ಕಾರು ನೋಡಿ ದೇಶವನ್ನು ಅಳೆಯಬಾರದು. ಅಲ್ಲಿ ಬಡವರ ಮನೆಯ ತಾಯಿ ಉಳಿಯುತ್ತಾಳೆಯೇ, ಮಗು ಕಲಿಯುತ್ತದೆಯೇ ಎಂದು ಕೇಳಬೇಕು.

ಓದು ಬಲ್ಲ ತಾಯಿ ಮಗುವಿನ ಲಸಿಕೆ ಕಾರ್ಡು ನೋಡಿ ದಿನ ತಪ್ಪಿಸದೆ ಹೋಗುತ್ತಾಳೆ. ಔಷಧಿ ಬಾಟಲಿಯ ಮೇಲಿನ ತಾರೀಕು ನೋಡುತ್ತಾಳೆ. ನೀವು ಈಗ ಈ ಪುಟ ಓದುತ್ತಿದ್ದೀರಲ್ಲ, ಅದೂ ದೇಶದ ಲೆಕ್ಕಕ್ಕೆ ಸೇರುವ ಕೆಲಸವೇ.

ಚರ್ಚೆ ಮಾಡಿ

1. ನಿಮ್ಮ ಅಜ್ಜಿಯ ಕಾಲದಲ್ಲಿ ಹೆರಿಗೆ ಎಲ್ಲಿ ಆಗುತ್ತಿತ್ತು? ಈಗ ಎಲ್ಲಿ ಆಗುತ್ತದೆ?
2. ನಿಮ್ಮ ಊರಿಗೆ ಮೊದಲು ಏನು ಬೇಕು: ರಸ್ತೆಯೇ, ಶಾಲೆಯೇ, ಆಸ್ಪತ್ರೆಯೇ? ಯಾಕೆ?
3. ನಿಮ್ಮ ವಾರ್ಡಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿದ್ದೀರಾ?