ಹತ್ತು ಜನ ಸೇರಿದ್ರೆ ಅಪರಾಧಾನಾ?

ಹತ್ತು ಜನ ಸೇರಿ ರಾಜಕೀಯ ಮಾತಾಡೋಕೂ ಸೇನೆಯ ಅನುಮತಿ ಬೇಕಾ? ವೆಸ್ಟ್ ಬ್ಯಾಂಕ್‌ನ ಪ್ಯಾಲೆಸ್ಟೀನಿಯರಿಗೆ ಬೇಕು. ಹಾಗನ್ನೋದು 1967ರ ಇಸ್ರೇಲಿ ಮಿಲಿಟರಿ ಆದೇಶ 101. ಮೀರಿದ್ರೆ ಹತ್ತು ವರ್ಷದವರೆಗೆ ಜೈಲು.

ವೆಸ್ಟ್ ಬ್ಯಾಂಕ್‌ನದೇ ಊರಾದ ಹೆಬ್ರಾನ್‌ನ ಇಸ್ಸಾ ಅಮ್ರೊ ಅಹಿಂಸೆಯ ಹೋರಾಟಗಾರ. ಪ್ಯಾಲೆಸ್ಟೀನಿಯರಿಗೆ ಮುಚ್ಚಿರೋ ಅಲ್ಲಿನ ಶುಹದಾ ಬೀದಿಯನ್ನ ನಮಗೂ ತೆರೀರಿ ಅಂತ ಮೆರವಣಿಗೆ ಮಾಡಿದವರು. 2016ರಲ್ಲಿ ಅವರ ಮೇಲೆ 18 ಆರೋಪ, ವಿಚಾರಣೆ ಮಿಲಿಟರಿ ಕೋರ್ಟಲ್ಲಿ. ಅದೇ ಊರಿನ ಇಸ್ರೇಲಿ ವಸಾಹತುಗಾರರಿಗೆ ಮಾತ್ರ ಸಿವಿಲ್ ಕಾನೂನು!

ಆರೋಪ ಕೈಬಿಡಿ ಅಂತ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಒತ್ತಾಯಿಸಿತು. ಅಮೆರಿಕದ ಸೆನೆಟರ್‌ಗಳೂ ದನಿಗೂಡಿಸಿದರು. 2021ರಲ್ಲಿ ಕೋರ್ಟ್ ಆರು ಆರೋಪಗಳಲ್ಲಿ ತಪ್ಪಿತಸ್ಥ ಅಂದರೂ ಜೈಲುಶಿಕ್ಷೆಯನ್ನ ಅಮಾನತಿನಲ್ಲಿಟ್ಟು, 3,500 ಶೆಕೆಲ್ ದಂಡ ಹಾಕಿತು. 2024ರಲ್ಲಿ ಇವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಜಗತ್ತು ನೋಡ್ತಿದ್ರೆ ಕೇಸು ನಾಲ್ಕು ಗೋಡೆಯೊಳಗೇ ಮುಗಿದುಹೋಗಲ್ಲ. ಇಂಥವರ ಹೆಸರು ಎತ್ತಿ ಹೇಳಿ, ನಾಲ್ಕು ಜನಕ್ಕೆ ತಲುಪಿಸಿ.